ಕುದಿಯಲ್ಲಿ ಓಡಿದ ಕೋಣ, ಬಾರ್ಸಿಲೋನಾದಲ್ಲಿ ಓಡಿದ ಕಾರು

ಫೆಬ್ರವರಿ ಬಂತೆಂದರೆ ನರೋಡಾದಲ್ಲಿ ಚಳಿ ಮೆಲ್ಲಗೆ ಬಿಡುತ್ತದೆ. ಉತ್ತರಾಯಣದ ಹರಿದ ಗಾಳಿಪಟಗಳು ಇನ್ನೂ ಕರೆಂಟಿನ ತಂತಿಗಳಲ್ಲಿ ನೇತಾಡುತ್ತಿರುತ್ತವೆ. ಅದೇ ಹೊತ್ತಿಗೆ ನಮ್ಮ ಮನೆಯ ಕಪಾಟಿನಿಂದ ಒಂದು ಹಳೆಯ ಡೈರಿ ಹೊರಗೆ ಬರುತ್ತದೆ. ಯಾವುದೋ ಬಣ್ಣದ ಕಂಪೆನಿಯವರು ದೀಪಾವಳಿಗೆ ಕೊಟ್ಟದ್ದು. ಅದರಲ್ಲಿ ವರ್ಷಕ್ಕೆ ಒಂದೇ ಪುಟ ಬರೆಯುವುದು. ಎಡಗಡೆ ನನ್ನ ಪಟ್ಟಿ, ಬಲಗಡೆ ಮಗನ ಪಟ್ಟಿ. ಈ ವರ್ಷದ ಫಾರ್ಮುಲಾ ಒನ್ ರೇಸಿನಲ್ಲಿ ಯಾವ ಟೀಮು ಮುಂದೆ, ಯಾವುದು ನಡುವೆ, ಯಾವುದು ಬಾಲದಲ್ಲಿ ಅಂತ ಮೊದಲ ರೇಸಿಗೆ ಮುಂಚೆಯೇ ಬರೆದಿಡುವುದು. ಡಿಸೆಂಬರಿನಲ್ಲಿ ತೆಗೆದು ನೋಡಿ ನಗುವುದು. ನಗುವುದು ಹೆಚ್ಚಾಗಿ ಮಗ.

ನಾನು ಈ ಊರಿಗೆ ಬಂದು ಮೂವತ್ತು ವರ್ಷದ ಮೇಲಾಯಿತು. ಕಾರ್ಕಳದ ಕಡೆಯವನು. ಬಿಎಸ್ಸಿ ಕೆಮಿಸ್ಟ್ರಿ ಮುಗಿಸಿ, ಇಲ್ಲಿಯ ಜಿಐಡಿಸಿಯಲ್ಲಿ ಬಟ್ಟೆಗೆ ಬಣ್ಣ ಹಾಕುವ ಒಂದು ಪ್ರೊಸೆಸ್ ಹೌಸಿನ ಲ್ಯಾಬಿಗೆ ಸೇರಿದವನು ಇಲ್ಲೇ ಉಳಿದುಬಿಟ್ಟೆ. ರಿಲಯನ್ಸಿನ ಮೊದಲ ಬಟ್ಟೆ ಗಿರಣಿ 1966ರಲ್ಲಿ ಶುರುವಾದದ್ದು ಇದೇ ನರೋಡಾದಲ್ಲಿ. ಹಾಗಾಗಿ ಇಲ್ಲಿ ಬಟ್ಟೆ, ಬಣ್ಣ, ದರ ಬಿಟ್ಟರೆ ಬೇರೆ ಮಾತು ಕಡಿಮೆ. ಅಂಥಾ ಊರಿನಲ್ಲಿ ಕೂತು ಕಾರು ರೇಸಿನ ಭವಿಷ್ಯ ಹೇಳುವ ಹುಚ್ಚು ಹೇಗೆ ಹತ್ತಿತು ಅಂತ ಕೇಳುತ್ತೀರಾ? ಹೇಳುತ್ತೇನೆ, ಸ್ವಲ್ಪ ತಾಳಿ. ಮೊದಲು ವಿಷಯ ಏನೆಂದು ತಿಳಿಯಬೇಕು.

ರೇಸಿನ ಋತು ಶುರುವಾಗುವ ಮುಂಚೆ ಎಲ್ಲ ಟೀಮುಗಳೂ ಹೊಸ ಕಾರನ್ನು ಒಂದೇ ಟ್ರ್ಯಾಕಿಗೆ ತಂದು ಓಡಿಸಿ ನೋಡುತ್ತವೆ. ಇದಕ್ಕೆ ಪ್ರೀಸೀಸನ್ ಟೆಸ್ಟಿಂಗ್ ಅನ್ನುತ್ತಾರೆ. ಒಂದು ಕಾಲದಲ್ಲಿ ಇದಕ್ಕೆ ಲೆಕ್ಕವೇ ಇರಲಿಲ್ಲ. ಫೆರಾರಿಗೆ ಕಾರ್ಖಾನೆಯ ಪಕ್ಕದಲ್ಲೇ ಫಿಯೊರಾನೊ ಎಂಬ ಸ್ವಂತ ಟ್ರ್ಯಾಕು. ದುಡ್ಡಿದ್ದವರು ವರ್ಷವಿಡೀ ಓಡಿಸಿ ನೋಡುತ್ತಿದ್ದರು. 2009ರಿಂದ ಖರ್ಚು ಕಡಿಮೆ ಮಾಡಲು ಋತುವಿನ ನಡುವಿನ ಪರೀಕ್ಷೆಯನ್ನು ಬಹುಮಟ್ಟಿಗೆ ನಿಲ್ಲಿಸಿದರು. ಆಮೇಲೆ ಋತುವಿಗೆ ಮುಂಚಿನ ಆ ಕೆಲವು ದಿನಗಳಿಗೇ ಬಂಗಾರದ ಬೆಲೆ. 2023, 2024, 2025ರಲ್ಲಂತೂ ಬಹರೇನಿನಲ್ಲಿ ಬರೇ ಮೂರು ದಿನ.

ಪ್ರತಿ ಸಂಜೆ ಒಂದು ಪಟ್ಟಿ ಬರುತ್ತದೆ. ಯಾರು ಎಷ್ಟು ಸೆಕೆಂಡಿನಲ್ಲಿ ಒಂದು ಸುತ್ತು ಮುಗಿಸಿದರು ಅಂತ. ಅದನ್ನು ನೋಡಿ ಮೇಲಿದ್ದವನು ಗೆಲ್ಲುತ್ತಾನೆ ಅಂದುಕೊಂಡರೆ ಕೆಟ್ಟಿರಿ. ಕಾರಿನಲ್ಲಿ ಎಷ್ಟು ಪೆಟ್ರೋಲು ತುಂಬಿದ್ದಾರೆ ಅಂತ ಟೀಮಿನವರು ಹೇಳುವುದಿಲ್ಲ. ಹತ್ತು ಕೆಜಿ ಇಂಧನ ಹೆಚ್ಚಾದರೆ ಸುತ್ತಿಗೆ ಸುಮಾರು 0.3 ಸೆಕೆಂಡು ತಡ. 2019ರಿಂದ 2025ರವರೆಗಿನ ನಿಯಮದಲ್ಲಿ ಒಂದು ರೇಸಿಗೆ 110 ಕೆಜಿಯವರೆಗೆ ತುಂಬಬಹುದಿತ್ತು. ಅಂದರೆ ತುಂಬಿದ ಕಾರಿಗೂ ಖಾಲಿ ಕಾರಿಗೂ ಮೂರು ಸೆಕೆಂಡಿನ ಅಂತರ. ಟೀಮುಗಳ ನಡುವಿನ ನಿಜವಾದ ಅಂತರವೋ, ಎಷ್ಟೋ ಸಲ ಅದರ ಹತ್ತರಲ್ಲೊಂದು ಪಾಲು! ಇದರ ಮೇಲೆ ಮೆತ್ತನೆಯ ಟೈರು, ಗಟ್ಟಿ ಟೈರು, ಎಂಜಿನ್ನಿನ ಹೆಚ್ಚು ಕಡಿಮೆ, ಹಗಲಿನ ಬಿಸಿಲು, ಸಂಜೆಯ ತಂಪು.

ನನ್ನ ಲ್ಯಾಬಿನ ಭಾಷೆಯಲ್ಲಿ ಹೇಳಬೇಕೆಂದರೆ ಇದು ಲ್ಯಾಬ್ ಡಿಪ್ ಇದ್ದ ಹಾಗೆ. ಸಣ್ಣ ಬೀಕರಿನಲ್ಲಿ ಅಂಗೈಯಗಲದ ಬಟ್ಟೆಗೆ ಶೇಡ್ ಚೆಂದವಾಗಿ ಬರುತ್ತದೆ. ಪಾರ್ಟಿ ಓಕೆ ಅನ್ನುತ್ತಾನೆ. ಅದೇ ಲೆಕ್ಕದಲ್ಲಿ ಸಾವಿರ ಮೀಟರಿನ ಲಾಟನ್ನು ಮೆಷಿನ್ನಿಗೆ ಹಾಕಿ ನೋಡಿ, ಬೇರೆಯೇ ಬಣ್ಣ! ಬೀಕರು ಸುಳ್ಳು ಹೇಳಲಿಲ್ಲ. ಅದಕ್ಕೆ ಕೇಳಿದ ಪ್ರಶ್ನೆಯೇ ಬೇರೆ.

ಇಷ್ಟೆಲ್ಲ ಗೊತ್ತಿದ್ದೂ ನಾನು 2009ರಲ್ಲಿ ಮುಗ್ಗರಿಸಿದೆ. ಗೊತ್ತಿದ್ದದ್ದರಿಂದಲೇ ಮುಗ್ಗರಿಸಿದೆ ಅಂತ ಈಗ ಅನ್ನಿಸುತ್ತದೆ. ಆ ಕತೆ ಹೇಳುವ ಮೊದಲು 2001ಕ್ಕೆ ಹೋಗಬೇಕು.

ನಾಲ್ಕು ಸಲ ಚಾಂಪಿಯನ್ ಆಗಿದ್ದ ಅಲೆನ್ ಪ್ರೋಸ್ಟ್‌ಗೆ ಆಗ ಸ್ವಂತ ಟೀಮಿತ್ತು. 2000ದಲ್ಲಿ ಆ ಟೀಮಿಗೆ ಒಂದು ಪಾಯಿಂಟೂ ಸಿಕ್ಕಿರಲಿಲ್ಲ. ದೊಡ್ಡ ಪ್ರಾಯೋಜಕರು ಕೈಬಿಟ್ಟಿದ್ದರು. 2001ಕ್ಕೆ ಫೆರಾರಿಯ ಎಂಜಿನ್ನನ್ನು ದುಡ್ಡು ಕೊಟ್ಟು ತಂದು, ಅದಕ್ಕೆ ಏಸರ್ ಎಂಬ ಕಂಪ್ಯೂಟರ್ ಕಂಪೆನಿಯ ಹೆಸರಿಟ್ಟು ಓಡಿಸಿದರು. ಆ ಚಳಿಗಾಲದ ಪರೀಕ್ಷೆಯಲ್ಲಿ ಜಾನ್ ಅಲೇಸಿ ಓಡಿಸಿದ ನೀಲಿ ಕಾರು ಪಟ್ಟಿಯ ತಲೆಯಲ್ಲಿ! ಎಲ್ಲರೂ ಕಣ್ಣುಜ್ಜಿಕೊಂಡರು. ಪ್ರಾಯೋಜಕರ ಕಣ್ಣಿಗೆ ಬೀಳಲಿ ಅಂತ ಕಾರನ್ನು ಹಗುರ ಮಾಡಿ ಓಡಿಸುತ್ತಿದ್ದಾರೆ ಎಂಬ ಗುಸುಗುಸು ಆಗಲೇ ಇತ್ತು. ರೇಸಿನಲ್ಲಾದರೆ ತೂಕ ಹಾಕಿ ನೋಡುತ್ತಾರೆ, ಕಡಿಮೆಯಿದ್ದರೆ ಹೊರಗೆ. ಪರೀಕ್ಷೆಯಲ್ಲಿ ಆ ಭಯ ಇಲ್ಲ. ಋತು ಮುಗಿದಾಗ ಟೀಮಿಗೆ ಸಿಕ್ಕಿದ್ದು ನಾಲ್ಕೇ ಪಾಯಿಂಟು. 2002ರ ಋತು ಶುರುವಾಗುವ ಮೊದಲೇ ಬಾಗಿಲು ಹಾಕಿತು.

ನಾನು ಇದನ್ನು ಮನಸ್ಸಿನಲ್ಲಿ ಗಂಟು ಹಾಕಿಟ್ಟುಕೊಂಡೆ. ದುಡ್ಡಿಲ್ಲದವನು ಪರೀಕ್ಷೆಯಲ್ಲಿ ಜೋರಾಗಿ ಓಡಿದರೆ ಅದು ನಾಟಕ, ಅಷ್ಟೇ.

ಈಗ 2009. ಹಿಂದಿನ ಡಿಸೆಂಬರಿನಲ್ಲಿ ಜಗತ್ತಿಗೆಲ್ಲ ಮಾಂದ್ಯ ಬಡಿದಿತ್ತು. ನಮ್ಮ ನರೋಡಾದಲ್ಲೂ ಎಕ್ಸ್‌ಪೋರ್ಟ್ ಆರ್ಡರುಗಳು ಕಡಿಮೆಯಾಗಿ, ಎಷ್ಟೋ ಕಡೆ ರಾತ್ರಿ ಪಾಳಿ ನಿಂತುಹೋಗಿತ್ತು. ಹೋಂಡಾ ಕಂಪೆನಿ ಫಾರ್ಮುಲಾ ಒನ್ ಬಿಟ್ಟು ಹೋಗುತ್ತೇವೆಂದು 2008ರ ಡಿಸೆಂಬರ್ 5ರಂದು ಹೇಳಿತು. ಆ ವರ್ಷ ಅವರು 14 ಪಾಯಿಂಟಿನೊಂದಿಗೆ ಒಂಬತ್ತನೇ ಸ್ಥಾನದಲ್ಲಿದ್ದರು. ಇಂಗ್ಲೆಂಡಿನ ಬ್ರ್ಯಾಕ್ಲಿಯಲ್ಲಿದ್ದ ಅವರ ಕಾರ್ಖಾನೆಯವರ ಗತಿ ಅತಂತ್ರ. ಕೊನೆಗೆ ಟೀಮಿನ ಯಜಮಾನಿಕೆ ನೋಡಿಕೊಳ್ಳುತ್ತಿದ್ದ ರಾಸ್ ಬ್ರಾನ್ ಅದನ್ನು ಹೆಸರಿಗೆ ಒಂದು ಪೌಂಡು ಕೊಟ್ಟು ಕೊಂಡರು. 2009ರ ಮಾರ್ಚ್ 6ಕ್ಕೆ ಬ್ರಾನ್ ಜಿಪಿ ಎಂದು ಹೆಸರಾಯಿತು. ಉಳಿಯಲಾಗದ ನೂರಾರು ಮಂದಿ ಕೆಲಸ ಕಳೆದುಕೊಂಡರು.

ಮರುವಾರ ಬಾರ್ಸಿಲೋನಾದಲ್ಲಿ ಪರೀಕ್ಷೆ. ಮೈಮೇಲೆ ಪ್ರಾಯೋಜಕರ ಹೆಸರೇ ಇಲ್ಲದ, ವಿಧವೆಯ ಸೀರೆಯ ಹಾಗಿದ್ದ ಬಿಳಿ ಕಾರು. ಹೋಂಡಾ ಎಂಜಿನ್ನಿಗಾಗಿ ಮಾಡಿದ ಕಾರಿಗೆ ಅವಸರದಲ್ಲಿ ಮರ್ಸಿಡಿಸ್ ಎಂಜಿನ್ ಕೂರಿಸಿದ್ದರು. ನೋಡಿದರೆ ಬಟನ್, ಬ್ಯಾರಿಕೆಲ್ಲೊ ಇಬ್ಬರೂ ಪಟ್ಟಿಯ ಮೇಲ್ತುದಿಯಲ್ಲಿ! ಅತ್ತ ಹಿಂದಿನ ವರ್ಷದ ಚಾಂಪಿಯನ್ ಹ್ಯಾಮಿಲ್ಟನ್ನನ ಮೆಕ್ಲಾರೆನ್ ತೀರಾ ಹಿಂದೆ.

ಆಗ ಮಗನಿಗೆ ಹತ್ತನೇ ತರಗತಿಯ ಬೋರ್ಡ್ ಪರೀಕ್ಷೆಯ ಸಮಯ. ಅವನೋ, ಸಂಜೆಯಾದರೆ ಕಂಪ್ಯೂಟರ್ ಮುಂದೆ ಕೂತು ಬಾರ್ಸಿಲೋನಾದ ಪಟ್ಟಿ ನೋಡುತ್ತಿದ್ದ. ನನಗೆ ಮೈಯೆಲ್ಲ ಉರಿ. ಯಾಕೆಂದರೆ ಶಾಲೆಯಲ್ಲಿ ನಡೆದ ಪ್ರಿಲಿಮ್ ಪರೀಕ್ಷೆಯಲ್ಲಿ ಗಣಿತದಲ್ಲಿ ನೂರಕ್ಕೆ ಐವತ್ತೆರಡು ತಂದಿದ್ದ. "ಇವನಿಗೆ ಸೈನ್ಸ್ ಆಗ್ಲಿಕ್ಕಿಲ್ಲ, ಕಾಮರ್ಸಿಗೆ ಹಾಕುವ" ಅಂತ ನಾನು ಮನೆಯಲ್ಲಿ ತೀರ್ಪು ಕೊಟ್ಟೂ ಆಗಿತ್ತು. ಅದೂ ಅವನೆದುರೇ.

"ಪಪ್ಪಾ, ಈ ಸಲ ಬ್ರಾನ್ ಗೆಲ್ತದೆ" ಅಂದ.

"ನಾಟಕ ಅದು. ದುಡ್ಡಿಗೋಸ್ಕರ ಖಾಲಿ ಟ್ಯಾಂಕಿನಲ್ಲಿ ಓಡಿಸ್ತಿದ್ದಾರೆ. 2001ರಲ್ಲಿ ಪ್ರೋಸ್ಟ್ ಮಾಡಿದ್ದೂ ಇದನ್ನೇ" ಅಂದೆ, ಎಲ್ಲ ಬಲ್ಲವನಂತೆ.

"ಮತ್ತೆ ಮೆಕ್ಲಾರೆನ್?"

"ಚಾಂಪಿಯನ್ ಅವನು. ಬೇಕೆಂದೇ ಅಡಗಿಸಿಟ್ಟಿದ್ದಾನೆ."

ಹುಡುಗ ಒಂದು ಕಾಗದ ತಂದು ತೋರಿಸಿದ. ಒಂದು ಸುತ್ತಿನ ಸಮಯವಲ್ಲ ಅದು, ಬ್ರಾನ್ ಕಾರು ಒಂದರ ಹಿಂದೊಂದು ಸುತ್ತು ಹಾಕಿದ್ದರ ಲೆಕ್ಕ. ಅಷ್ಟು ದೂರ ಓಡಬೇಕಾದರೆ ಟ್ಯಾಂಕು ಖಾಲಿ ಇರಲು ಸಾಧ್ಯವೇ ಇಲ್ಲ ಅಂದ. ನಾನು ಸರಿಯಾಗಿ ನೋಡಲೂ ಇಲ್ಲ. ಪಂತವಾಯಿತು. ನಾನು ಸೋತರೆ ದೀಪಾವಳಿ ರಜೆಯಲ್ಲಿ ಅವನನ್ನು ಊರಿಗೆ ಕರೆದುಕೊಂಡು ಹೋಗಿ ಕಂಬಳದ ಕೋಣ ತೋರಿಸಬೇಕು. ಅವನು ಸೋತರೆ ಅಜ್ಜಿಗೆ ಕನ್ನಡದಲ್ಲಿ ಎರಡು ಪುಟದ ಕಾಗದ ಬರೆಯಬೇಕು. ಗುಜರಾತಿಯಲ್ಲಿ ಪಟಪಟ ಬರೆಯುವವನಿಗೆ ಕನ್ನಡ ಅಕ್ಷರ ಅಂದರೆ ಬೆವರು ಬರುತ್ತಿತ್ತು. ಅಂದೇ ಡೈರಿಯ ಮೊದಲ ಪುಟ ತುಂಬಿದ್ದು. ನನ್ನದು: ಫೆರಾರಿ ಒಂದು, ಮೆಕ್ಲಾರೆನ್ ಎರಡು, ಬ್ರಾನ್ ಎಂಟು. ಏಳನೆಯದು ಫೋರ್ಸ್ ಇಂಡಿಯಾ. ಬಂಟ್ವಾಳ ಮೂಲದ ವಿಜಯ ಮಲ್ಯರ ಟೀಮು ಅಂತ ಊರಿನ ಅಭಿಮಾನಕ್ಕೆ ಕೊಟ್ಟ ಸ್ಥಾನ ಅದು. ಮಗನದು: ಬ್ರಾನ್ ಒಂದು, ಫೋರ್ಸ್ ಇಂಡಿಯಾ ಹತ್ತು. ಅವನಿಗೆ ಊರೂ ಇಲ್ಲ, ಅಭಿಮಾನವೂ ಇಲ್ಲ ಅಂತ ಬೈದೆ.

ಮಾರ್ಚ್ 29, ಭಾನುವಾರ, ನಮ್ಮ ಗಡಿಯಾರದಲ್ಲಿ ಹನ್ನೊಂದೂವರೆ. ಮೆಲ್ಬರ್ನಿನಲ್ಲಿ ಬಟನ್ ಮೊದಲು, ಬ್ಯಾರಿಕೆಲ್ಲೊ ಎರಡು. ಮೊದಲ ಏಳು ರೇಸಿನಲ್ಲಿ ಆರು ಬಟನ್ ಪಾಲಿಗೆ. ವರ್ಷದ ಕೊನೆಗೆ ಎರಡೂ ಚಾಂಪಿಯನ್ ಪಟ್ಟ ಬ್ರಾನ್‌ಗೆ. ಮೆಕ್ಲಾರೆನ್ ಪರೀಕ್ಷೆಯಲ್ಲಿ ತೋರಿಸಿದಷ್ಟೇ ನಿಧಾನವಾಗಿ ಋತು ಶುರುಮಾಡಿತು. ಜುಲೈನಲ್ಲಿ ಹಂಗೇರಿಯಲ್ಲಿ ಗೆಲ್ಲುವಷ್ಟಕ್ಕೆ ಕಾಲ ಮೀರಿತ್ತು. ಅಂದರೆ ಆ ವರ್ಷ ಪರೀಕ್ಷೆ ಇಬ್ಬರ ವಿಷಯದಲ್ಲೂ ನಿಜ ಹೇಳಿತ್ತು. ನಂಬದವನು ನಾನು.

ಬ್ರಾನ್ ವೇಗದ ಗುಟ್ಟು ಆಮೇಲೆ ಎಲ್ಲರಿಗೂ ಗೊತ್ತಾಯಿತು. 2009ಕ್ಕೆ ನಿಯಮಗಳು ಪೂರ್ತಿ ಬದಲಾಗಿದ್ದವು. ಹೋಂಡಾದವರು 2008ರ ಕೆಟ್ಟ ಕಾರಿನ ಆಸೆ ಬಿಟ್ಟು ಬಹಳ ಮೊದಲೇ 2009ರ ಕಾರಿನ ಕೆಲಸಕ್ಕೆ ಇಳಿದಿದ್ದರು. ಹಿಂಭಾಗದಲ್ಲಿ ಗಾಳಿ ಹೊರಹೋಗುವ ಜಾಗವನ್ನು ಎರಡು ಅಂತಸ್ತು ಮಾಡುವ 'ಡಬಲ್ ಡಿಫ್ಯೂಸರ್' ಉಪಾಯ ಬ್ರಾನ್, ಟೊಯೊಟಾ, ವಿಲಿಯಮ್ಸ್ ಮೂರರಲ್ಲೂ ಇತ್ತು. ದುಡ್ಡು ಖಾಲಿಯಾದದ್ದು 2008ರ ಕೊನೆಗೆ. ಕೆಲಸ ನಡೆದದ್ದು ಅದಕ್ಕೂ ಮೊದಲು, ದುಡ್ಡಿದ್ದಾಗ. ಹೊರಗಿನಿಂದ ನೋಡಿದರೆ 2001ರ ಪ್ರೋಸ್ಟ್ ಮತ್ತು 2009ರ ಬ್ರಾನ್ ಒಂದೇ ಥರ: ಬಡ ಟೀಮು, ಬರಿಮೈಯ ಕಾರು, ಬೆರಗಿನ ವೇಗ. ಒಳಗೆ ಅಜಗಜಾಂತರ. ಇತಿಹಾಸ ಓದಿದ್ದೆ ಅಂತ ನನಗೆ ಜಂಬ. ಓದಿದ್ದು ಒಂದೇ ಪಾಠ, ಅದನ್ನೇ ಎಲ್ಲದಕ್ಕೂ ಹಚ್ಚಿದೆ.

ಇನ್ನೊಂದು ಮಾತು ಹೇಳಿಬಿಡುತ್ತೇನೆ. ಬೋರ್ಡ್ ಫಲಿತಾಂಶ ಬಂದಾಗ ಮಗನಿಗೆ ಗಣಿತದಲ್ಲಿ ಎಂಬತ್ತೊಂಬತ್ತು. ಆಗ ಅವನಮ್ಮ ಪ್ರಿಲಿಮ್‌ನ ಉತ್ತರಪತ್ರಿಕೆ ತಂದು ನನ್ನ ಮುಂದಿಟ್ಟಳು. ಕೊನೆಯ ಎರಡು ಪಾಠ ಅವನು ಆಗ ಓದಿಯೇ ಇರಲಿಲ್ಲ, ಆ ಪ್ರಶ್ನೆಗಳನ್ನು ಹಾಗೇ ಬಿಟ್ಟಿದ್ದ. ಓದಿದ ಪಾಠದ ಲೆಕ್ಕಗಳಲ್ಲಿ ತಪ್ಪು ಹುಡುಕಬೇಕು. ನಾನು ನೋಡಿದ್ದು ಮೇಲೆ ಕೆಂಪು ಶಾಯಿಯಲ್ಲಿ ಬರೆದ ಐವತ್ತೆರಡನ್ನು ಮಾತ್ರ. ಒಳಗಿನ ಹಾಳೆ ತಿರುಗಿಸಿರಲಿಲ್ಲ. ಅವನು ಸೈನ್ಸಿಗೇ ಸೇರಿದ. ನಾನು ಏನೂ ಮಾತಾಡಲಿಲ್ಲ.

ಪಂತದ ಪ್ರಕಾರ ದೀಪಾವಳಿಗೆ ಕೊಂಕಣ ರೈಲಿನಲ್ಲಿ ಊರಿಗೆ ಹೋದೆವು. ಕಂಬಳದ ಋತು ಇನ್ನೂ ಶುರುವಾಗಿರಲಿಲ್ಲ. ಆದರೆ ಮಾವ, ಅಂದರೆ ನನ್ನ ತಾಯಿಯ ಅಣ್ಣ, "ಕುದಿ ಉಂಟು, ಬನ್ನಿ" ಅಂತ ಕರೆದುಕೊಂಡು ಹೋದರು. ಘಟ್ಟದ ಮೇಲಿನವರಿಗೆ ಗೊತ್ತಿರಲಿಕ್ಕಿಲ್ಲ. ಕುದಿ ಎಂದರೆ ಕಂಬಳಕ್ಕೆ ಮುಂಚೆ ಕೋಣಗಳನ್ನು ಕೆಸರಿನ ಕರೆಗೆ ಇಳಿಸಿ ಓಡಿಸಿ ಪಳಗಿಸುವುದು. ನೋಡಿದರೆ ಇದೇ ನಮ್ಮ ಪ್ರೀಸೀಸನ್ ಟೆಸ್ಟಿಂಗ್!

ಮೊದಲು ಬಿಟ್ಟ ಜೋಡಿ ಗಂತಿನಿಂದ ಬಾಣದ ಹಾಗೆ ಹೊರಟು, ನೀರು ಚಿಮ್ಮಿಸುತ್ತಾ ಮಂಜೊಟ್ಟಿ ಏರಿತು. ಮಗ ಚಪ್ಪಾಳೆ ತಟ್ಟಿದ. "ಅಜ್ಜ, ಇದೇ ಗೆಲ್ಲೋದಾ?"

ಮಾವ ನಕ್ಕರು. "ಕಟ್ಟಿ ಹಾಕಿದ ಕೋಣ ಮಗಾ, ಬಿಟ್ಟ ಕೂಡಲೇ ಹಾರ್ತದೆ. ಎರಡನೇ ಸಲ ಬಿಡುವಾಗ ನೋಡು."

ಎರಡನೇ ಸಲ ಆ ಜೋಡಿ ಅರ್ಧ ದಾರಿಯಲ್ಲಿ ಓರೆಯಾಯಿತು. ಇನ್ನೊಂದು ಜೋಡಿ ಅಷ್ಟೇನೂ ವೇಗವಿಲ್ಲದೆ, ಮೂರು ಸಲವೂ ಒಂದೇ ರೀತಿ ಓಡಿತು. ಮೇಲೆ ಹತ್ತಿದ ಮೇಲೆ ಬಾಯಿ ಬಿಡಲಿಲ್ಲ. ಮಾವ ನೋಡುತ್ತಿದ್ದದ್ದು ಓಟವನ್ನಲ್ಲ, ಓಟ ಮುಗಿದ ಮೇಲಿನ ಉಸಿರನ್ನು. "ಕಂಬಳದ ದಿನ ಒಂದೇ ಓಟ ಅಲ್ಲ. ರಾತ್ರಿ ಇಡೀ ಉಂಟು" ಅಂದರು. ಮಗ ನನ್ನ ಕಡೆ ನೋಡಿದ. ಬಾರ್ಸಿಲೋನಾದ ಕಾಗದದಲ್ಲಿ ಅವನು ತೋರಿಸಿದ್ದೂ ಇದನ್ನೇ.

ಮುಂದೆ 2020ರ ಫೆಬ್ರವರಿಯಲ್ಲಿ ಐಕಳ ಕಂಬಳದ ಶ್ರೀನಿವಾಸ ಗೌಡರ ಸುದ್ದಿ ನಿಮಗೆ ನೆನಪಿರಬಹುದು. 142.5 ಮೀಟರ್ ಕರೆಯನ್ನು 13.62 ಸೆಕೆಂಡಿನಲ್ಲಿ ಓಡಿದ್ದನ್ನು ಪತ್ರಿಕೆಗಳು ನೂರು ಮೀಟರಿಗೆ ಇಳಿಸಿ 9.55 ಅಂದವು. ಉಸೇನ್ ಬೋಲ್ಟನ 9.58ನ್ನು ಮೀರಿಸಿದ ಅಂತ ದೇಶವೆಲ್ಲ ಕುಣಿಯಿತು. ಅದು ಕೋಣ ಎಳೆದುಕೊಂಡು ಹೋಗುವ ಓಟ, ಇದು ಒಬ್ಬನೇ ಓಡುವ ಓಟ. ಗಡಿಯಾರ ಎರಡಕ್ಕೂ ಒಂದೇ ಅಂತ ಹೋಲಿಸಲು ಆಗುತ್ತದೆಯೇ? ಆಟದ ಬೆಲೆ ಅದರಿಂದ ಕಡಿಮೆಯಾಗುವುದಿಲ್ಲ, ಹೋಲಿಕೆ ಮಾತ್ರ ತಪ್ಪು.

ಅಲ್ಲಿಂದ ಮೇಲೆ ನಾನು ಮಾವನ ಕಣ್ಣಿನಿಂದ ಪರೀಕ್ಷೆ ನೋಡಲು ಕಲಿತೆ. ಮೊದಲು ಎಷ್ಟು ಸುತ್ತು ಓಡಿದ್ದಾರೆ ನೋಡುವುದು. 2014ರಲ್ಲಿ ಹೈಬ್ರಿಡ್ ಎಂಜಿನ್ ಬಂದಾಗ ಹೆರೆಸ್ ಟ್ರ್ಯಾಕಿನಲ್ಲಿ ಮರ್ಸಿಡಿಸ್ ನಾಲ್ಕು ದಿನಕ್ಕೆ 309 ಸುತ್ತು ಹಾಕಿತು. ನಾಲ್ಕು ವರ್ಷ ಸತತ ಚಾಂಪಿಯನ್ ಆಗಿದ್ದ ರೆಡ್‌ಬುಲ್ ಹಾಕಿದ್ದು 21. ಆ ವರ್ಷ 19 ರೇಸಿನಲ್ಲಿ 16 ಮರ್ಸಿಡಿಸ್ ಗೆದ್ದಿತು. ಅಂದ ಹಾಗೆ ಆ ಮರ್ಸಿಡಿಸ್ ಅಂದರೆ ಬೇರೆ ಯಾರೂ ಅಲ್ಲ, ಒಂದು ಪೌಂಡಿನ ಅದೇ ಬ್ರ್ಯಾಕ್ಲಿಯ ಟೀಮು. ಆದರೂ ನೋಡಿ, 21 ಸುತ್ತಿನ ರೆಡ್‌ಬುಲ್ ಉಳಿದ ಮೂರು ರೇಸು ಗೆದ್ದು ಎರಡನೇ ಸ್ಥಾನಕ್ಕೆ ಬಂತು. ಕೆಟ್ಟ ಆರಂಭಕ್ಕೆ ಕೆಟ್ಟ ಕಾರಣ ಇರಬಹುದು, ಕೆಟ್ಟ ಕಾರೇ ಆಗಬೇಕೆಂದಿಲ್ಲ.

2019ರಲ್ಲಿ ಎಲ್ಲರೂ ಫೆರಾರಿ ಅಂದರು. ಬಾರ್ಸಿಲೋನಾದಲ್ಲಿ ವೆಟ್ಟೆಲ್ 1 ನಿಮಿಷ 16.221, ಹ್ಯಾಮಿಲ್ಟನ್ 16.224. ಮೂರೇ ಸಾವಿರಾಂಶ. ಮೆಲ್ಬರ್ನಿನಲ್ಲಿ ಮರ್ಸಿಡಿಸ್‌ನ ಬೊಟ್ಟಾಸ್ ಗೆದ್ದ, ಹ್ಯಾಮಿಲ್ಟನ್ ಎರಡನೆಯವ, ವೆಟ್ಟೆಲ್ ನಾಲ್ಕನೆಯವನಾಗಿ ಸುಮಾರು ಒಂದು ನಿಮಿಷ ಹಿಂದೆ. ಎರಡನೇ ವಾರದ ಪರೀಕ್ಷೆಗೆ ಮರ್ಸಿಡಿಸ್ ಕಾರಿನ ಮೈಯನ್ನೇ ಬಹಳಷ್ಟು ಬದಲಿಸಿ ತಂದಿತ್ತು. ಮೊದಲ ವಾರ ನೋಡಿ ತೀರ್ಪು ಕೊಟ್ಟವರು ಬೇರೆಯೇ ಕಾರನ್ನು ನೋಡಿದ್ದರು.

ಇನ್ನು ನಮ್ಮ ಫೋರ್ಸ್ ಇಂಡಿಯಾ. 2009ರಲ್ಲಿ ಬೆಲ್ಜಿಯಂನ ಸ್ಪಾದಲ್ಲಿ ಫಿಸಿಕೆಲ್ಲಾ ಮೊದಲ ಸ್ಥಾನದಿಂದ ಹೊರಟು, ರೈಕೊನೆನ್ನನ ಬೆನ್ನಿಗೇ ಅಂಟಿಕೊಂಡು ಎರಡನೆಯವನಾದ. ಅಲ್ಲಿಯವರೆಗೆ ಟೀಮಿಗೆ ಒಂದೂ ಪಾಯಿಂಟಿರಲಿಲ್ಲ! ಗಾಳಿಯನ್ನು ಸುಲಭವಾಗಿ ಸೀಳುವ ಕಾರು, ಉದ್ದ ನೇರ ದಾರಿಯ ಸ್ಪಾ, ಮೊಂಜಾಗಳಲ್ಲಿ ಮಾತ್ರ ಹುಲಿ. ಬಾರ್ಸಿಲೋನಾದ ತಿರುವುಗಳು ಅದನ್ನು ತೋರಿಸುವುದು ಹೇಗೆ? ಕೊನೆಗೆ ಒಂಬತ್ತನೇ ಸ್ಥಾನ. ನನ್ನ ಏಳೂ ಅಲ್ಲ, ಮಗನ ಹತ್ತೂ ಅಲ್ಲ.

2015ರಲ್ಲಂತೂ ದುಡ್ಡಿನ ಮುಗ್ಗಟ್ಟಿನಿಂದ ಅವರ ಹೊಸ ಕಾರು ಹೊರಬಂದದ್ದೇ ಕೊನೆಯ ಪರೀಕ್ಷೆಗೆ. ಮಗ ಕೊನೆಯ ಸ್ಥಾನ ಬರೆದ. ನಾನು ಆರು ಬರೆದೆ, ಈ ಸಲ ಅಭಿಮಾನಕ್ಕಲ್ಲ. ಎಂಜಿನ್ ಮರ್ಸಿಡಿಸ್, ಕೆಲಸಗಾರರು ಕಡಿಮೆ ದುಡ್ಡಿನಲ್ಲಿ ಕಾರು ಮಾಡಿ ಪಳಗಿದವರು, ಕಾರು ತಡವಾಗಿದೆ ಅಷ್ಟೇ, ಕೆಟ್ಟಿಲ್ಲ ಅಂದುಕೊಂಡೆ. ಅವರು ಐದನೇ ಸ್ಥಾನಕ್ಕೆ ಬಂದರು. ಮುಂದಿನ ಎರಡು ವರ್ಷ ನಾಲ್ಕು! ಮಲ್ಯರ ಕತೆ ಬೇರೆ ದಾರಿ ಹಿಡಿದದ್ದು ನಿಮಗೆ ಗೊತ್ತೇ ಇದೆ. ಕಿಂಗ್‌ಫಿಷರ್ ವಿಮಾನಗಳು 2012ರಲ್ಲೇ ನಿಂತಿದ್ದವು, ಸಂಬಳ ಸಿಗದ ನೌಕರರು ಬೀದಿಗೆ ಬಂದಿದ್ದರು. 2016ರಲ್ಲಿ ಮಲ್ಯರು ಬ್ರಿಟನ್ನಿಗೆ ಹೋದರು. 2018ರಲ್ಲಿ ಟೀಮು ದಿವಾಳಿಯ ಅಂಚಿಗೆ ಬಂದು ಬೇರೆಯವರ ಪಾಲಾಯಿತು. ಈಗ ಅದರ ಹೆಸರು ಆಸ್ಟನ್ ಮಾರ್ಟಿನ್. ಆ ಟೀಮಿನ ಮೇಲೆ ನನ್ನ ಅಭಿಮಾನ ಯಾರದ್ದೆಂದು ಆಮೇಲೆ ಯೋಚಿಸಿದೆ. ಯಜಮಾನನದ್ದಲ್ಲ, ಬಿಡಿಭಾಗಕ್ಕೆ ದುಡ್ಡಿಲ್ಲದಾಗಲೂ ಕಾರು ಮಾಡಿ ನಿಲ್ಲಿಸಿದ ಕೆಲಸಗಾರರದ್ದು.

ಇಷ್ಟು ವರ್ಷದ ಡೈರಿ ನೋಡಿ ನನಗೆ ತಿಳಿದದ್ದು ಇಷ್ಟೇ. ಪರೀಕ್ಷೆಯ ಪಟ್ಟಿ ಸುಳ್ಳು ಅಂತ ತಳ್ಳಿಹಾಕುವುದು, ನಿಜ ಅಂತ ನಂಬುವುದು, ಎರಡೂ ಒಂದೇ ಸೋಮಾರಿತನ. ಮೇಲಿನ ಅಂಕಿ ಬಿಟ್ಟು ಒಳಗಿನ ಹಾಳೆ ತಿರುಗಿಸಬೇಕು. ಒಂದು ಸುತ್ತಲ್ಲ, ಹತ್ತಾರು ಸುತ್ತು ನೋಡಬೇಕು. ಯಾರಿಗೆ ಏನು ಗರಜು ಇದೆ ಅಂತ ತಿಳಿಯಬೇಕು, ಆದರೆ ಗರಜು ಇದ್ದ ಮಾತ್ರಕ್ಕೆ ಅವನ ಓಟವನ್ನು ನಾಟಕ ಅನ್ನಬಾರದು.

ಮಾವ ಈಗ ಇಲ್ಲ. ಆವತ್ತು ಕುದಿ ಮುಗಿದು ಮನೆಗೆ ಬರುವಾಗ ನಾನು ಕೇಳಿದ್ದೆ, "ಹಾಗಾದರೆ ಈ ಸಲ ಮೆಡಲ್ ಯಾರಿಗೆ ಮಾವ?" ಅಂತ. "ಅದು ಗೊತ್ತಿದ್ದರೆ ಕಂಬಳ ಯಾಕೆ ಮಾಡುದು ಮಾರಾಯ?" ಅಂದರು.

ಮಗ ಈಗ ಬೆಂಗಳೂರಿನಲ್ಲಿ ಎಂಜಿನಿಯರು. ಗುಜರಾತಿನಲ್ಲಿ ಬೆಳೆದವನು ಅಲ್ಲಿ ದಿನವಿಡೀ ಕನ್ನಡ ಮಾತಾಡುತ್ತಾನೆ, ನಾನು ಇಲ್ಲಿ ದಿನವಿಡೀ ಗುಜರಾತಿ. ಪರೀಕ್ಷೆ ಮುಗಿದ ರಾತ್ರಿ ಫೋನ್ ಮಾಡಿ ತನ್ನ ಪಟ್ಟಿ ಹೇಳುತ್ತಾನೆ, ನಾನು ಡೈರಿಯ ಬಲಗಡೆ ಬರೆದುಕೊಳ್ಳುತ್ತೇನೆ. ಹೋದ ಸಲ ಪಟ್ಟಿಯನ್ನು ಮೊಬೈಲಿನಲ್ಲಿ ಕಳಿಸಿದ್ದ. ಕನ್ನಡ ಅಕ್ಷರದಲ್ಲಿ. ಒಂದೆರಡು ಒತ್ತಕ್ಷರ ತಪ್ಪಿದ್ದವು, ತಿದ್ದಲಿಲ್ಲ.

ನಿಮ್ಮ ಪಟ್ಟಿ ಏನು? ಮೊದಲ ರೇಸಿಗೆ ಮುಂಚೆ ಬರೆದಿಡಿ. ಆಮೇಲೆ "ನನಗೆ ಮೊದಲೇ ಗೊತ್ತಿತ್ತು" ಅನ್ನುವವರು ಬಹಳ.